ಕಬ್ಬಿನ ರಚ್ಚಿನಿಂದ ಗ್ಯಾಲರಿ ಗೋಡೆವರೆಗೆ

ಮೈಸೂರಿನಲ್ಲಿ ನನ್ನ ಹೊಸ ಕೆಲಸಗಳ ಪ್ರದರ್ಶನ ನಡೆದಾಗ ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಮಾತು. ಇದನ್ನು ಮಾಡಿದ್ದು ಹೇಗೆ? ಕಬ್ಬಿನ ಸಿಪ್ಪೆ, ಹಳೇ ತೂಕದ ಚೀಟಿ, ಹುಣಸೆ ಇದ್ದಿಲು, ಮೈಸೂರು ಶೈಲಿಯ ಗೆಸ್ಸೊ (ಉಬ್ಬು ಗೆರೆ ಎತ್ತಲು ಹಚ್ಚುವ ಬಿಳಿ ಲೇಪ), ಇವೆಲ್ಲ ಒಂದೇ ಹಲಗೆ ಮೇಲೆ ಹೇಗೆ ನಿಂತವು? ಗ್ಯಾಲರಿಯಲ್ಲಿ ನಿಂತುಕೊಂಡು ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಮಂಡ್ಯ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಮಕ್ಕಳ ಪಾಲಿಗೆ ಡ್ರಾಯಿಂಗ್ ಮಿಸ್.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಮಿಕ್ಸೆಡ್ ಮೀಡಿಯಾ, ಅಂದರೆ ಬೇರೆ ಬೇರೆ ವಸ್ತು ಸೇರಿಸಿ ಚಿತ್ರ ಮಾಡುವುದು, ಹೊರಗಿನಿಂದ ಬಂದದ್ದು ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. 1912ರಲ್ಲಿ ಪಿಕಾಸೊ ತನ್ನ ಚಿತ್ರಕ್ಕೆ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣದ ಬಟ್ಟೆ ಅಂಟಿಸಿ ಸುತ್ತಲೂ ಹಗ್ಗ ಕಟ್ಟಿದ. ಅದೇ ವರ್ಷ ಅವನ ಜೊತೆಯ ಚಿತ್ರಕಾರ ಬ್ರಾಕ್ ಇದ್ದಿಲಿನ ಚಿತ್ರಕ್ಕೆ ಗೋಡೆಗೆ ಹಚ್ಚುವ ಕಾಗದ ಅಂಟಿಸಿದ. ಕಾಲೇಜಿನಲ್ಲಿ ನಮಗೆ ಮಾಡಿದ ಪಾಠವೂ ಇದೇ. ಅದು ನಿಜವೇ. ಆದರೆ ಜಗನ್ಮೋಹನ ಅರಮನೆಗೆ ಹೋಗಿ ಒಂದು ಮೈಸೂರು ಸಾಂಪ್ರದಾಯಿಕ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕೆಳಗೆ ಹಲಗೆ. ಅದರ ಮೇಲೆ ಅಂಟಿಸಿದ ಕಾಗದ. ಒಡವೆ, ಕಿರೀಟ, ಸೀರೆ ಅಂಚು ಇರುವ ಕಡೆ ಸಣ್ಣಗೆ ಉಬ್ಬಿದ ಗೆಸ್ಸೊ. ಅದರ ಮೇಲೆ ಚಿನ್ನದ ರೇಕು. ಉಳಿದ ಕಡೆ ನೀರಿನ ಬಣ್ಣ. ಇಷ್ಟೊಂದು ವಸ್ತು ಸೇರಿ ಒಂದು ಚಿತ್ರ ಆಗಿದೆ, ಯಾವುದೂ ಸುಮ್ನೆ ಕೂತಿಲ್ಲ. ದೀಪದ ಬೆಳಕು ಹಿಡಿಯುವುದಕ್ಕೇ ಆ ಉಬ್ಬು ಇರುವುದು. ವಸ್ತುಗಳನ್ನು ಸೇರಿಸಿ ಚಿತ್ರ ಮಾಡುವ ಕೆಲಸ ನಮ್ಮ ಮನೆಯೊಳಗೇ ಇತ್ತು. ನನ್ನ ಈ ಕೆಲಸಗಳೆಲ್ಲ ಆ ನಂಬಿಕೆಯಿಂದಲೇ ಶುರುವಾದವು.

ಮಂಡ್ಯದವರಿಗೆ ಕಬ್ಬಿನ ಬಗ್ಗೆ ಹೇಳಬೇಕಿಲ್ಲ. ಕನ್ನಂಬಾಡಿ ಕಟ್ಟೆ ಎದ್ದು, ಇರ್ವಿನ್ ನಾಲೆ ಅಂತ ಕರೆಯುತ್ತಿದ್ದ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ರಾಗಿ ಹೊಲಗಳೆಲ್ಲ ಗದ್ದೆಯಾದವು. 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಹುಟ್ಟಿತು. ಆಮೇಲಿನದು ಇಲ್ಲಿನ ಮನೆಮನೆಯ ಕಥೆ. ಆದರೂ ‘ನಿಮ್ಮ ಊರಿನ ಚಿತ್ರ ಬರೀರಿ’ ಅಂದರೆ ನಮ್ಮ ಮಕ್ಕಳು ಎರಡು ಚೂಪು ಬೆಟ್ಟ, ನಡುವೆ ಸೂರ್ಯ, ಒಂದು ಹೆಂಚಿನ ಮನೆ ಬರೆದು ತರುತ್ತಾರೆ. ಕಬ್ಬಿನ ಗದ್ದೆ ಬರೀರಿ ಅಂದರೆ ಹಸಿರು ಗೆರೆ ಎಳೆದು ಮುಗಿಸುತ್ತಾರೆ. ನಾನೂ ತುಂಬಾ ವರ್ಷ ಕ್ಯಾನ್ವಾಸ್ ಮೇಲೆ ಅಕ್ರಿಲಿಕ್‌ನಲ್ಲಿ ಗದ್ದೆ ಬರೆದಿದ್ದೇನೆ. ಬಣ್ಣ ಸರಿಯಾಗಿ ಬರುತ್ತಿತ್ತು. ಒರಟು ಬರುತ್ತಿರಲಿಲ್ಲ. ಕಬ್ಬಿನ ಗರಿ ಕೈ ಕುಯ್ಯುತ್ತದೆ, ಮೈಯೆಲ್ಲ ನವೆ ಬರಿಸುತ್ತದೆ. ಕಟಾವು ಮಾಡುವವರ ಕೈ ನೋಡಿದವರಿಗೆ ನುಣುಪಾದ ಹಸಿರು ಕ್ಯಾನ್ವಾಸ್ ಸುಳ್ಳು ಅನ್ನಿಸುತ್ತದೆ. ಹಾಗಾದರೆ ಕಬ್ಬನ್ನೇ ತಂದು ಹಲಗೆ ಮೇಲೆ ಇಡಬಾರದೇಕೆ ಅನ್ನಿಸಿತು.

ನಮ್ಮ ಶಾಲೆ ಹತ್ತಿರವೇ ಒಂದು ಆಲೆಮನೆ ಇದೆ. ಗಾಣದಲ್ಲಿ ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಗೆ ಇಲ್ಲಿ ರಚ್ಚು ಅನ್ನುತ್ತಾರೆ. ಅದನ್ನು ಒಣಗಿಸಿ ಕೊಪ್ಪರಿಗೆ ಕೆಳಗಿನ ಒಲೆಗೇ ಉರಿ ಹಾಕುತ್ತಾರೆ. ನಾನು ಚೀಲ ಹಿಡಿದುಕೊಂಡು ಹೋದಾಗ ಆಲೆಮನೆ ಯಜಮಾನರಿಗೆ ಆಶ್ಚರ್ಯ. “ಒಲೆಗಾಕೋ ರಚ್ಚು ಕಣಿ ಮೇಡಮ್ಮೋರೆ, ಇದ್ರಲ್ಲೇನ್ ಚಿತ್ರ ಬರ್ದೀರಿ?” ಅಂದರು. ಬರೆಯುವುದಲ್ಲ ಅಣ್ಣ, ಇದೇ ಕಾಗದ ಆಗುತ್ತೆ, ಅಂದೆ. ದುಡ್ಡು ತಗೊಳ್ಳಲಿಲ್ಲ. ಒಂದು ಅಚ್ಚು ಬೆಲ್ಲವನ್ನೂ ಕೈಗಿಟ್ಟು ಕಳಿಸಿದರು.

ರಚ್ಚಿನ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಪ್ರಶ್ನೆ ಜಾಸ್ತಿ ಬಂದಿದ್ದು ಇದರ ಮೇಲೆಯೇ. ಗಾಣದಿಂದ ಬಂದ ರಚ್ಚಿನಲ್ಲಿ ಸಿಹಿ ಉಳಿದಿರುತ್ತದೆ. ಹಾಗೇ ಬಳಸಿದರೆ ಇರುವೆ, ನೊಣ, ಬೂಷ್ಟು ಮೂರೂ ಗ್ಯಾರಂಟಿ. ಮೊದಲು ನೀರಲ್ಲಿ ನೆನೆಸಿ, ನೀರು ಬದಲಾಯಿಸುತ್ತಾ, ಹುಳಿ ವಾಸನೆ ಪೂರ್ತಿ ಹೋಗುವವರೆಗೂ ತೊಳೆಯಬೇಕು. ಆಮೇಲೆ ಬೆರಳಿನ ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿ ವಾಷಿಂಗ್ ಸೋಡಾ ಹಾಕಿ ಬೇಯಿಸಬೇಕು. ನಾರನ್ನು ಹಿಡಿದಿಟ್ಟಿರುವ ಲಿಗ್ನಿನ್ ಅನ್ನುವ ಅಂಶ ಸಡಿಲವಾಗುವುದು ಈ ಬೇಯುವಿಕೆಯಲ್ಲೇ. ಹಳೇ ನ್ಯೂಸ್‌ಪೇಪರ್ ಹಳದಿ ತಿರುಗುವುದು ಅದೇ ಲಿಗ್ನಿನ್‌ನಿಂದ. ಆದ್ದರಿಂದ ಅದನ್ನು ಎಷ್ಟು ತೆಗೆದರೆ ಅಷ್ಟು ಒಳ್ಳೆಯದು. ನೀರು ಕಂದು ತಿರುಗುತ್ತದೆ. ಚೆಲ್ಲಿ ಮತ್ತೆ ತೊಳೆಯಬೇಕು. ಕೈಯಲ್ಲಿ ಉಜ್ಜಿದರೆ ಸೋಡಾದ ಜಾರು ಸಿಗಬಾರದು, ಅಲ್ಲಿಯವರೆಗೆ.

ಬೆಂದ ರಚ್ಚನ್ನು ಕೈಗೆ ತಗೊಂಡು ನೋಡಿದರೆ ಎರಡು ಥರದ್ದು ಕಾಣುತ್ತದೆ. ಹೊರಗಿನ ಸಿಪ್ಪೆಯ ಗಟ್ಟಿ ನಾರು ಒಂದು, ಒಳಗಿನ ಸ್ಪಂಜಿನಂಥ ತಿರುಳು ಇನ್ನೊಂದು. ತಿರುಳು ನೀರು ಕುಡಿಯುತ್ತದೆಯೇ ಹೊರತು ಹಿಡಿದುಕೊಳ್ಳುವುದಿಲ್ಲ. ಜರಡಿಯಲ್ಲಿ ಅದನ್ನು ಆದಷ್ಟು ಬೇರೆ ಮಾಡಬೇಕು. ಉಳಿದ ನಾರು ಕೂಡ ಗಿಡ್ಡ. ಅದರಿಂದಲೇ ಹಾಳೆ ಮಾಡಿದರೆ ಒಣಗಿದ ಮೇಲೆ ಮುರಿಯುತ್ತದೆ. ಅದಕ್ಕೆ ಹಳೇ ಹತ್ತಿ ಪಂಚೆಯನ್ನು ಚೂರು ಮಾಡಿ, ನೆನೆಸಿ, ಅರೆದು ಜೊತೆಗೆ ಸೇರಿಸಿದೆ. ಹತ್ತಿಯ ನಾರು ಉದ್ದ, ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಅಪ್ಪನ ಪಂಚೆಗಳೇ ಬೇಕಾದಷ್ಟಿದ್ದವು ಮನೆಯಲ್ಲಿ. ಕಬ್ಬಿನ ಗದ್ದೆಯಲ್ಲೇ ಉಟ್ಟು ಸವೆಸಿದ ಪಂಚೆಗಳು ಅವು.

ಈ ಹಸಿ ಪಲ್ಪನ್ನು, ಅಂದರೆ ನಾರಿನ ಮುದ್ದೆಯನ್ನು, ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿ ಮೇಲೆ ಹರಡಿ, ನೀರು ಬಸಿದು, ಪ್ಲೈವುಡ್ ಹಲಗೆಗೆ ವರ್ಗಾಯಿಸಿ ಒತ್ತುತ್ತಿದ್ದೆ. ಒಣಗುವಾಗ ಪಲ್ಪು ಕುಗ್ಗುತ್ತದೆ. ಕುಗ್ಗುವಾಗ ಹಲಗೆಯನ್ನೂ ಎಳೆದು ಬಾಗಿಸುತ್ತದೆ. ಇದಕ್ಕೆ ಮದ್ದು ಎರಡು. ಹಲಗೆಯ ಎರಡೂ ಮುಖಕ್ಕೆ ಪ್ರೈಮರ್ ಬಳಿಯಬೇಕು, ಒಂದು ಮುಖ ಮಾತ್ರ ನೀರು ಕುಡಿದರೆ ಬಾಗುವುದು ಖಂಡಿತ. ಹಿಂದುಗಡೆ ಅಡ್ಡಡ್ಡ ರೀಪು ಹೊಡೆಯಬೇಕು. ಬೇಸಿಗೆ ರಜೆಯಲ್ಲಿ ಇದೆಲ್ಲ ಚೆನ್ನಾಗಿ ನಡೆಯಿತು. ಮಳೆ ಹಿಡಿದ ಮೇಲೆ ಮಾಡಿದ ಒಂದು ದೊಡ್ಡ ಹಲಗೆ ಒಣಗದೆ ಕಪ್ಪು ಬೂಷ್ಟು ಹಿಡಿಯಿತು. ಅದನ್ನು ಕೆರೆದು ತೆಗೆದು, ಹಲಗೆ ಬೇರೆ ಮಾಡಿಕೊಂಡೆ. ಮಳೆಗಾಲದಲ್ಲಿ ಪಲ್ಪಿನ ಕೆಲಸಕ್ಕೆ ಯಾರೂ ಕೈ ಹಾಕಬೇಡಿ ಅಂತಲೇ ನಾನು ಹೇಳುವುದು.

ಇನ್ನು ತೂಕದ ಚೀಟಿ. ಕಬ್ಬಿನ ಗಾಡಿ ತೂಕ ಆದಾಗ ರೈತರಿಗೆ ಕೊಡುವ ಚೀಟಿ ಅದು. ಗಾಡಿ ಸಮೇತದ ತೂಕ, ಖಾಲಿ ಗಾಡಿ ತೂಕ, ನಿವ್ವಳ ತೂಕ. ಮೂರೇ ಸಂಖ್ಯೆ. ಒಂದು ಮನೆಯ ವರ್ಷವೆಲ್ಲ ಆ ಮೂರನೇ ಸಂಖ್ಯೆಯ ಮೇಲೆ ನಿಂತಿರುತ್ತದೆ. ಮದುವೆ, ಸಾಲ, ಮಕ್ಕಳ ಫೀಸು ಎಲ್ಲಾ. ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಕಟ್ಟು ಇತ್ತು. ಅಕ್ಕಪಕ್ಕದವರನ್ನು, ಶಾಲೆ ಮಕ್ಕಳ ಮನೆಯವರನ್ನು ಕೇಳಿದೆ. ಕಂಬಿಗೆ ಚುಚ್ಚಿಟ್ಟವು, ಪಂಚಾಂಗದೊಳಗೆ ಮಡಿಚಿಟ್ಟವು, ಎಣ್ಣೆ ಕಲೆ ಆದವು, ಎಲ್ಲಾ ಥರದವೂ ಬಂದವು.

ಹಳೇ ಚೀಟಿಗಳು ಕಾರ್ಬನ್ ಇಟ್ಟು ಬರೆದಂಥವು. ನೀಲಿ ಅಕ್ಷರ ಇವತ್ತಿಗೂ ಓದಬಹುದು. ಈಚಿನವು ಥರ್ಮಲ್ ಕಾಗದದ ಮೇಲೆ ಮೆಷಿನ್ನಿನಲ್ಲಿ ಬಂದವು. ಅದರಲ್ಲಿ ಶಾಯಿಯೇ ಇಲ್ಲ. ಕಾಗದಕ್ಕೆ ಬಳಿದಿರುವ ರಾಸಾಯನಿಕ ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ, ಅಷ್ಟೇ. ಬೆಳಕಿಗೆ ಇಟ್ಟರೆ ಅಳಿಸಿಹೋಗುತ್ತದೆ. ನನಗೆ ಸಿಕ್ಕ ಎಷ್ಟೋ ಚೀಟಿಗಳು ಬರೀ ಬೂದು ಹಾಳೆಗಳು. ಇವನ್ನು ಬಿಡುವುದಾ ಬಳಸುವುದಾ ಅಂತ ಯೋಚಿಸಿ ಎರಡನ್ನೂ ಒಂದರ ಪಕ್ಕ ಒಂದು ಇಟ್ಟೆ. ಬರೆದದ್ದು ಉಳಿದ ಚೀಟಿ, ಅಚ್ಚಾದದ್ದು ಅಳಿದ ಚೀಟಿ. ಎಡಗಡೆಯಿಂದ ಬಲಕ್ಕೆ ನೋಡುತ್ತಾ ಹೋದರೆ ಸಂಖ್ಯೆಗಳು ಕಾಣೆಯಾಗುತ್ತಾ ಹೋಗುತ್ತವೆ. ಪ್ರದರ್ಶನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಕೆಲಸ ಅದೇ. ಹೆಸರಿದ್ದ ಸಾಲಿನ ಮೇಲೆ ಮಾತ್ರ ತೆಳುವಾಗಿ ಪಲ್ಪು ಹೊದಿಸಿ ಮುಚ್ಚಿದೆ. ಯಾರ ಮನೆ ಲೆಕ್ಕವನ್ನೂ ಗೋಡೆಗೆ ನೇತುಹಾಕುವ ಹಕ್ಕು ನನಗಿಲ್ಲ.

ಚೀಟಿ ಅಂಟಿಸಲು ಮೈದಾ ಅಂಟು. ಬೇಯಿಸುವಾಗ ಚಿಟಿಕೆ ಮೈಲುತುತ್ತ ಹಾಕುತ್ತೇನೆ. ಹಳೇ ಬೈಂಡಿಂಗ್‌ನವರು ಹುಳ ಬಾರದಿರಲೆಂದು ಮಾಡುತ್ತಿದ್ದದ್ದೂ ಇದೇ. ಅದು ವಿಷ, ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಒಯ್ಯಬಾರದು.

ಗೆಸ್ಸೊ ಕಲಿಯಲು ಮೈಸೂರಿನ ಹಿರಿಯ ಸಾಂಪ್ರದಾಯಿಕ ಕಲಾವಿದರೊಬ್ಬರ ಮನೆಗೆ ಭಾನುವಾರ ಭಾನುವಾರ ಹೋಗುತ್ತಿದ್ದೆ. ಮಂಡ್ಯದಿಂದ ಬೆಳಗಿನ ಟ್ರೈನು, ಸಂಜೆ ವಾಪಸ್. ಅವರು ಕಲಿಸುವ ರೀತಿಯೇ ಬೇರೆ. ಮೊದಲು ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿಸಿದರು. ಕಬ್ಬಿಣದ ಕೊಳವೆಯೊಳಗೆ ಕಡ್ಡಿ ತುಂಬಿ, ಗಾಳಿ ಆಡದ ಹಾಗೆ ಬಾಯಿ ಮುಚ್ಚಿ ಬೆಂಕಿಗೆ ಇಡುವುದು. ಅಂಗಡಿಯ ಚಾರ್ಕೋಲ್‌ಗಿಂತ ಇದರ ಗೆರೆ ಮೆತ್ತಗೆ, ಒರೆಸಿದರೆ ಹೋಗುತ್ತದೆ. ಆಮೇಲೆ ಗೆಸ್ಸೊ. ಹಿಂದೆ ಸೀಸದ ಸಫೇದ ಅನ್ನುವ ಬಿಳಿ ಪುಡಿಯನ್ನು ರೇವಲ್‌ಚಿನ್ನಿ ಹಾಲು (ಮರದ ಹಳದಿ ಅಂಟು), ಗೋಂದು ಸೇರಿಸಿ ದಿನಗಟ್ಟಲೆ ಅರೆಯುತ್ತಿದ್ದರು. ಸೀಸ ಮೈಗೆ ಕೆಟ್ಟದ್ದು, ಆದ್ದರಿಂದ ನಾನು ಬಳಸಿದ್ದು ಜಿಂಕ್ ಆಕ್ಸೈಡ್. ಹದ ಮಾತ್ರ ಹಳೆಯದೇ. ಕುಂಚದ ತುದಿಯಿಂದ ಇಳಿಬಿಟ್ಟರೆ ಹರಿಯಬೇಕು, ಹಲಗೆ ಮೇಲೆ ಕೂತ ಮೇಲೆ ಹರಡಬಾರದು. ಒಂದು ಗೆರೆ ಎಳೆದು, ನೆರಳಲ್ಲಿ ಒಣಗಿಸಿ, ಅದರ ಮೇಲೇ ಇನ್ನೊಂದು. ಹೀಗೆ ಪದರ ಪದರವಾಗಿ ಉಬ್ಬು ಏಳುತ್ತದೆ. ಬಿಸಿಲಿಗಿಟ್ಟರೆ ಬಿರುಕು. ತಂಜಾವೂರು ಚಿತ್ರದ ಉಬ್ಬು ದಪ್ಪ, ಕಲ್ಲು ಹರಳು ಕೂಡ ಕೂರಿಸುತ್ತಾರೆ. ಮೈಸೂರಿನದು ತೆಳು, ಬೆರಳಿಟ್ಟು ಮುಟ್ಟಿದರಷ್ಟೇ ಗೊತ್ತಾಗಬೇಕು.

“ನಾಲೆ ನಕ್ಷೆಗೆ ಗೆಸ್ಸೊ ಹಾಕ್ತೀನಿ ಅಂತಿದ್ದೀಯಲ್ಲಮ್ಮ, ದೇವರಿಗೆ ಹಾಕೋದನ್ನ?” ಅಂತ ಗುರುಗಳು ಒಂದು ದಿನ ಕೇಳಿದರು. ಬೇಸರದಿಂದ ಅಲ್ಲ, ತಿಳಿಯಬೇಕು ಅಂತ. ನಮ್ಮೂರಿಗೆ ಒಡವೆ ಅಂದರೆ ನಾಲೆಯೇ ಸಾರ್, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಿದ್ರೆ ಚಿನ್ನ ಹಾಕ್ಬೇಡ, ನೀರು ಹೊಳೆಯೋದು ಬೇರೆ ಥರ” ಅಂದರು. ಆ ಮಾತನ್ನು ಹಾಗೇ ಪಾಲಿಸಿದೆ. ನಾಲೆ, ಉಪನಾಲೆ, ಕಾಲುವೆ, ಗದ್ದೆಯ ತೂಬು, ಎಲ್ಲವನ್ನೂ ಬಿಳಿ ಗೆಸ್ಸೊದಲ್ಲೇ ಬಿಟ್ಟು, ತೆಳು ಕಾಗದ ಹಾಸಿ ನುಣುಪು ಕಲ್ಲಲ್ಲಿ ಉಜ್ಜಿದೆ. ಕಂದು ರಚ್ಚಿನ ಒರಟು ಮೈಮೇಲೆ ಆ ನುಣುಪು ಗೆರೆ ಪಕ್ಕದಿಂದ ಬೆಳಕು ಬಿದ್ದಾಗ ಎದ್ದು ಕಾಣುತ್ತದೆ. ರಚ್ಚಿನ ಮೇಲೆ ನೇರವಾಗಿ ಗೆಸ್ಸೊ ನಿಲ್ಲುವುದಿಲ್ಲ, ನೀರೆಲ್ಲ ಹೀರಿಬಿಡುತ್ತದೆ. ಮೊದಲು ತೆಳು ಗೋಂದಿನ ಎರಡು ಪದರ ಬಳಿದು ಮೈ ಮುಚ್ಚಬೇಕು. ಬಟ್ಟೆಯ ಕ್ಯಾನ್ವಾಸ್ ಮೇಲೂ ಈ ಗೆಸ್ಸೊ ಬೇಡ. ಕ್ಯಾನ್ವಾಸ್ ಅಲುಗಾಡಿದರೆ ಇದು ಸೀಳುತ್ತದೆ. ಗಟ್ಟಿ ಹಲಗೆಯೇ ಆಗಬೇಕು.

ಶಾಲೆಯ ಬಗ್ಗೆ ಹೇಳದಿದ್ದರೆ ಈ ಕಥೆ ಅರ್ಧವೇ. ಡ್ರಾಯಿಂಗ್ ಪೀರಿಯಡ್ಡು ವಾರಕ್ಕೆ ಸಿಗುವುದೇ ಕಮ್ಮಿ. ಪರೀಕ್ಷೆ ಹತ್ತಿರ ಬಂದರೆ ಅದನ್ನೂ ಬೇರೆ ವಿಷಯದವರು ಕೇಳುತ್ತಾರೆ. ಆದರೂ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಒಂದು ಗುಂಪು ಯಾವಾಗಲೂ ಇರುತ್ತದೆ. ಅವರಿಗೆ ಜಿಂಕ್ ಆಕ್ಸೈಡ್ ಕೊಡಲಿಲ್ಲ. ಸೀಮೆಸುಣ್ಣದ ಪುಡಿಗೆ ಫೆವಿಕಾಲ್ ಕಲಸಿ ಗೆಸ್ಸೊ ಮಾಡಿಸಿದೆ. ಮೆಹಂದಿ ಕೋನ್‌ಗೆ ತುಂಬಿ ರಟ್ಟಿನ ಮೇಲೆ ಉಬ್ಬು ಗೆರೆ ಎಳೆದರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಹೀಗೆ ಎಳೆದಳು. ದಾರಿಯಲ್ಲಿ ನಾಯಿ ಇರುವ ಜಾಗದಲ್ಲಿ ಮಾತ್ರ ಗೆರೆ ತುಂಬಾ ದಪ್ಪ. “ಅಲ್ಲಿ ಭಯ ಆಗುತ್ತೆ ಮಿಸ್, ಅದಕ್ಕೆ” ಅಂದಳು. ಗೆರೆಯ ದಪ್ಪಕ್ಕೂ ಮನಸ್ಸಿಗೂ ಸಂಬಂಧ ಇದೆ ಅನ್ನುವುದನ್ನು ಕಾಲೇಜಿನಲ್ಲಿ ನನಗೆ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಆಮೇಲೆ ನಾನು ಮಾಡಿದ ನಾಲೆಗಳಲ್ಲಿ ನೀರು ಕೊನೇವರೆಗೂ ತಲುಪದ ಊರುಗಳ ಕಡೆ ಗೆರೆ ಸಣ್ಣದಾಗುತ್ತಾ ಹೋಗಿ ನಿಂತುಬಿಡುತ್ತದೆ. ಅದು ಅವಳಿಂದ ಬಂದದ್ದು.

ಮಕ್ಕಳನ್ನು ಜಗನ್ಮೋಹನ ಅರಮನೆಗೂ ಕರೆದೊಯ್ದಿದ್ದೆ. 1861ರಲ್ಲಿ ಕಟ್ಟಿದ ಅರಮನೆ, 1915ರಿಂದ ಚಿತ್ರಶಾಲೆ. ರವಿವರ್ಮನ ಚಿತ್ರಗಳ ಮುಂದೆ ಗುಂಪು ನಿಲ್ಲುತ್ತದೆ. ನಮ್ಮ ಮಕ್ಕಳು ಹೆಚ್ಚು ಹೊತ್ತು ನಿಂತಿದ್ದು ಹಲ್ದಣ್‌ಕರ್ ಅವರ ದೀಪ ಹಿಡಿದ ಹೆಣ್ಣಿನ ಮುಂದೆ. ಇದು ಬರೀ ನೀರಿನ ಬಣ್ಣ ಕಣ್ರೋ, ಅಂದರೆ ನಂಬಲೇ ಇಲ್ಲ. ನಿಮ್ಮ ಬಾಕ್ಸಿನಲ್ಲಿರುವ ಅದೇ ಜಾತಿಯ ಬಣ್ಣ, ಅಂದೆ. ಬಸ್ಸಿನಲ್ಲಿ ವಾಪಸ್ ಬರುವಾಗಲೂ ಅದೇ ಚರ್ಚೆ.

ಫ್ರೇಮಿನ ವಿಷಯಕ್ಕೆ ಬಂದರೆ, ಉಬ್ಬಿರುವ ಕೆಲಸಕ್ಕೆ ಗಾಜು ತಾಗುವ ಹಾಗೆ ಫ್ರೇಮ್ ಹಾಕಬಾರದು. ಡಬ್ಬಿಯಂತೆ ಆಳ ಇರುವ ಫ್ರೇಮ್ ಬೇಕು. ಒಬ್ಬ ಫ್ರೇಮಿನವರು ಎಷ್ಟು ಹೇಳಿದರೂ ಕೇಳದೆ ಗಾಜನ್ನು ಒತ್ತಿ ಕೂರಿಸಿ ಒಂದು ಕೆಲಸದ ಗೆಸ್ಸೊ ಪುಡಿ ಮಾಡಿಬಿಟ್ಟರು. ಅದನ್ನು ಮೊದಲಿಂದ ಎಳೆಯಬೇಕಾಯಿತು. ಕೊನೆಗೆ ಹೆಚ್ಚಿನವಕ್ಕೆ ಗಾಜೇ ಇಲ್ಲದ ಫ್ರೇಮ್ ಹಾಕಿಸಿದೆ, ಚೀಟಿ ಇರುವವಕ್ಕೆ ಮಾತ್ರ ಗಾಜು. ಸಾಗಿಸಲು ಗೂಡ್ಸ್ ಆಟೋ. ಹಲಗೆ ಹಲಗೆ ನಡುವೆ ಥರ್ಮಾಕೋಲ್, ಮೂಲೆಗೆ ರಟ್ಟು, ಮೇಲೆ ಟಾರ್ಪಾಲು. ಮಂಡ್ಯದಿಂದ ಮೈಸೂರು ನಲವತ್ತೈದು ಕಿಲೋಮೀಟರ್ ಇರಬಹುದು. ನಾನು ಹಿಂದೆಯೇ ಕೂತು ಬಂದೆ.

ಪ್ರದರ್ಶನ ಇದ್ದದ್ದು ಕಲಾಮಂದಿರದ ಆವರಣದ ಸುಚಿತ್ರ ಕಲಾ ಗ್ಯಾಲರಿಯಲ್ಲಿ. ಪಕ್ಕದಲ್ಲೇ ರಂಗಾಯಣ, ಹಾಗಾಗಿ ನಾಟಕಕ್ಕೆ ಬಂದವರೂ ಒಳಗೆ ಇಣುಕುತ್ತಾರೆ. ಆ ಜಾಗದ ದೊಡ್ಡ ಗುಣ ಅದು. ನೇತುಹಾಕುವುದು ನಾನಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಚಿತ್ರದ ನಡುಭಾಗ ನೋಡುವವರ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು ಐದು ಅಡಿಗೆ ಬರಬೇಕು. ಅದು ಸುಲಭ. ಕಷ್ಟ ಬೆಳಕಿನದು. ಎದುರಿಂದ ನೇರವಾಗಿ ದೀಪ ಬಿಟ್ಟರೆ ಉಬ್ಬೆಲ್ಲ ಸತ್ತುಹೋಗುತ್ತದೆ, ಹಲಗೆ ಚಪ್ಪಟೆ ಕಾಣುತ್ತದೆ. ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಯಲ್ಲಿ ಕೆ. ವೆಂಕಟಪ್ಪನವರ ಪ್ಲಾಸ್ಟರ್ ಉಬ್ಬುಚಿತ್ರ ನೋಡಿದಾಗಿನಿಂದ ಇದು ನನ್ನ ತಲೆಯಲ್ಲಿತ್ತು. ಬೆಳಕು ಪಕ್ಕದಿಂದ, ಓರೆಯಾಗಿ, ಮೈ ಸವರಿಕೊಂಡು ಬೀಳಬೇಕು. ಪ್ರತಿ ದೀಪವನ್ನೂ ತಿರುಗಿಸಿ ತಿರುಗಿಸಿ ನೋಡಿದೆವು. ಏಣಿ ಹತ್ತಿದ ಹುಡುಗರು ನನ್ನ ಹಳೇ ವಿದ್ಯಾರ್ಥಿಗಳು, ಇಬ್ಬರೂ ಈಗ ಸಯ್ಯಾಜಿರಾವ್ ರಸ್ತೆಯ ಕಾವಾ ಚಿತ್ರಕಲಾ ಕಾಲೇಜಿನಲ್ಲಿ ಓದುತ್ತಿದ್ದಾರೆ. ಒಬ್ಬ ಏಣಿ ಮೇಲಿಂದಲೇ “ಮಿಸ್, ಈಗ ನಾಲೇಲಿ ನೀರು ಬಂತು” ಅಂದ. ಕೆಳಗಿನಿಂದ ನೋಡಿದೆ. ನಿಜವಾಗಿಯೂ ಗೆರೆಗಳೆಲ್ಲ ಎದ್ದಿದ್ದವು. ಇಷ್ಟು ದಿನದ ಕೆಲಸಕ್ಕೆ ಆ ಗಳಿಗೆ ಸಾಕಿತ್ತು ನನಗೆ.

ಮುಟ್ಟಬಹುದು ಅಂತ ಒಂದು ಹಲಗೆಯನ್ನು ಬೇರೆಯಾಗಿ ಇಟ್ಟಿದ್ದೆ. ಇದನ್ನು ಎಲ್ಲರೂ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ವಸ್ತುವಿನಿಂದ ಮಾಡಿದ ಕೆಲಸವನ್ನು ದೂರದಿಂದ ತೋರಿಸಿ ಕೈಕಟ್ಟಿ ನಿಲ್ಲಿ ಅನ್ನುವುದು ಸರಿಯಲ್ಲ. ಮಕ್ಕಳು, ವಯಸ್ಸಾದವರು, ಎಲ್ಲರೂ ಬೆರಳಾಡಿಸಿದರು. ಕೆಲವರು ಮೂಸಿಯೂ ನೋಡಿದರು, ಬೆಲ್ಲದ ವಾಸನೆ ಬರುತ್ತಾ ಅಂತ.

ಕೆಲವು ಕೆಲಸ ಮಾರಾಟವಾದವು, ಖರ್ಚು ಹುಟ್ಟಿತು. ಚೀಟಿಗಳ ಕೆಲಸವನ್ನು ಒಬ್ಬರು ಕೇಳಿದರು, ಕೊಡಲಿಲ್ಲ.

ಚೀಟಿ ಕೊಟ್ಟ ರೈತರಲ್ಲಿ ಒಬ್ಬರು ಕೊನೆಯ ದಿನ ಮಗನ ಬೈಕಿನಲ್ಲಿ ಬಂದರು. ಟವೆಲ್ ಹೆಗಲಿಗೆ ಹಾಕಿಕೊಂಡು, ಕನ್ನಡಕ ಏರಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ ಒಂದೊಂದೇ ಚೀಟಿ ಓದಿದರು. ಬಣ್ಣ, ಗೆರೆ ಯಾವುದೂ ಅಲ್ಲ, ತೂಕ ಓದಿದರು. ಒಂದರ ಮುಂದೆ ನಿಂತು, “ಇದು ನಂದೇಯ. ಕೂಳೆ ಕಬ್ಬು ಕಣಿ ಇದು. ನಾಟಿ ಕಬ್ಬಾಗಿದ್ರೆ ಇಷ್ಟ್ ಕಮ್ಮಿ ತೂಗ್ತಿರ್ಲಿಲ್ಲ” ಅಂದರು. ಕಬ್ಬು ಕಡಿದ ಮೇಲೆ ಬುಡ ಬಿಟ್ಟರೆ ಮತ್ತೆ ಚಿಗುರಿ ಬರುವ ಬೆಳೆ ಕೂಳೆ. ಬಿತ್ತನೆ ಖರ್ಚಿಲ್ಲ, ಇಳುವರಿ ಕಮ್ಮಿ. ಆಮೇಲೆ ಅವರು ಇಡೀ ಸಾಲನ್ನು ನನಗೆ ಓದಿ ಹೇಳಿದರು. ಯಾವುದು ನಾಟಿ, ಯಾವುದು ಕೂಳೆ, ಯಾವ ವರ್ಷ ನಾಲೆಗೆ ನೀರು ಬಿಡಲಿಲ್ಲ ಅಂತ. ಅಳಿಸಿಹೋದ ಚೀಟಿಗಳಲ್ಲೂ ಎರಡನ್ನು ಆಕಾರ ನೋಡಿಯೇ ಗುರುತು ಹಿಡಿದರು. ಅವರು ಹೇಳುತ್ತಾ ಹೋದ ಹಾಗೆ ನಾನು ಕ್ಯಾಟಲಾಗಿನ ಹಿಂದೆ ಬರೆದುಕೊಂಡೆ. ಆ ಬರಹ ಈಗ ಆ ಹಲಗೆಯ ಹಿಂಬದಿಗೆ ಅಂಟಿಸಿಟ್ಟಿದ್ದೇನೆ.

ಮುಂದಿನ ಕೆಲಸ ಕೂಳೆಯ ಮೇಲೆಯೇ ಮಾಡಬೇಕು ಅಂತಿದೆ. ಕಡಿದ ಬುಡ, ಸುಟ್ಟ ತರಗು, ಅದರ ನಡುವಿಂದ ಏಳುವ ಚಿಗುರು. ಇದ್ದಿಲು ಹುಣಸೆಯದ್ದೇ ಇರಲಾ, ಗದ್ದೆಯಲ್ಲಿ ಸುಟ್ಟ ತರಗಿನ ಮಸಿಯನ್ನೇ ಅರೆದು ಬಣ್ಣ ಮಾಡಿಕೊಳ್ಳಲಾ ಅನ್ನುವುದಿನ್ನೂ ತೀರ್ಮಾನವಾಗಿಲ್ಲ. ಕಟಾವು ಆದ ಮೇಲೆ ಕೂಳೆ ಸವರುವ ದಿನ ಫೋನ್ ಮಾಡುತ್ತೇನೆ ಅಂದಿದ್ದಾರೆ ಆ ರೈತರು. ಭಾನುವಾರ ಬಂದರೆ ಹೈಯರ್ ಗ್ರೇಡಿನ ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ.